ಬಿಲ್ಲಿಂಗ್, ಟ್ಯಾಲಿ, ಆರ್ಡರ್ ಆ್ಯಪ್ ಮೂರೂ ಮೂರು ಮಾರಾಟ ತೋರಿಸುತ್ತಿವೆ. ಯಜಮಾನರಿಗೆ ಯಾವುದನ್ನು ಕೊಡಲಿ?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹಾಲು, ಮೊಸರು, ಬೇಕರಿ ಸಾಮಾನು ಹೋಲ್‌ಸೇಲ್ ಹಂಚುವ ಏಜೆನ್ಸಿಯಲ್ಲಿ ಕೆಲಸ. ಓದಿದ್ದು ಬಿಕಾಂ. ಸೇರಿದ್ದು ಅಕೌಂಟ್ಸ್‌ಗೆ. "ನಿನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ" ಅಂತ ಈಗ ರಿಪೋರ್ಟ್ ಕೆಲಸವೂ ನನ್ನ ತಲೆಗೇ ಬಂದಿದೆ.

ನಮ್ಮ ಲೆಕ್ಕ ಮೂರು ಕಡೆ ಇದೆ. ಕೌಂಟರ್ ಮತ್ತು ಗಾಡಿಗಳ ಬಿಲ್ಲು ಒಂದು ಸಾಫ್ಟ್‌ವೇರ್‌ನಲ್ಲಿ, ಅದರ ಡೇಟಾ ಕ್ಲೌಡ್‌ನಲ್ಲಿ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿದೆ. ಅಕೌಂಟ್ಸ್ ಟ್ಯಾಲಿಯಲ್ಲಿ. ಸೇಲ್ಸ್ ಹುಡುಗರು ಅಂಗಡಿಗಳಲ್ಲಿ ಆರ್ಡರ್ ಬರೆದುಕೊಳ್ಳುವ ಆ್ಯಪ್ ಬೇರೆ, ಅದು ಎಕ್ಸೆಲ್ ಕೊಡುತ್ತದೆ. ಮಾರ್ಚ್ ತಿಂಗಳ ಮಾರಾಟ ಹೀಗಿದೆ:

ಬಿಲ್ಲಿಂಗ್ 41,86,240
ಟ್ಯಾಲಿ 39,12,905
ಆರ್ಡರ್ ಆ್ಯಪ್ 43,50,618

ಯಜಮಾನರು ಮೂರನ್ನೂ ನೋಡಿ "ಇದರಲ್ಲಿ ನಮ್ಮ ದುಡ್ಡು ಯಾವುದಮ್ಮಾ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಡೇಟಾವನ್ನು ಚಾರ್ಟ್ ಮಾಡಿ ತೋರಿಸುವ ಪವರ್ ಬಿಐ ಸಾಫ್ಟ್‌ವೇರ್ ಕಲಿತರೆ ಎಲ್ಲಾ ಒಂದೇ ಕಡೆ ಬರುತ್ತದೆ ಅಂತ ಗೆಳತಿ ಹೇಳಿದಳು. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು 3 ತಿಂಗಳ ಡೇಟಾ ಅನಲಿಸ್ಟ್ ಕೋರ್ಸ್‌ಗೆ 65,000 ಕೇಳುತ್ತಿದ್ದಾರೆ. ಸೇರಬಹುದಾ?

ಸೊನ್ನೆಒಂದು:

ಬ್ರದರ್, ಪವರ್ ಬಿಐ ಡೆಸ್ಕ್‌ಟಾಪ್ ಫ್ರೀ. ಇವತ್ತೇ ಇಳಿಸಿಕೊಳ್ಳಿ. ಮೈಎಸ್‌ಕ್ಯೂಎಲ್, ಎಕ್ಸೆಲ್ ಎರಡನ್ನೂ ನೇರ ಕನೆಕ್ಟ್ ಮಾಡಬಹುದು. ಟ್ಯಾಲಿಯಿಂದ ಎಕ್ಸೆಲ್ ತೆಗೆದು ಸೇರಿಸಿ. ಎರಡು ದಿನದ ಕೆಲಸ. ಕೋರ್ಸ್ ಗೀರ್ಸ್ ಬೇಡ.

ಹಳೇ ಎಂಐಎಸ್:

ಸ್ವಲ್ಪ ತಡೆಯಿರಿ. ಮೂರು ತಪ್ಪು ಲೆಕ್ಕವನ್ನು ಒಂದೇ ಪರದೆಯಲ್ಲಿ ಬಣ್ಣ ಬಣ್ಣವಾಗಿ ತೋರಿಸಿದರೆ ಲೆಕ್ಕ ಸರಿಯಾಗುವುದಿಲ್ಲ. ಅಸಲಿಗೆ ಈ ಮೂರೂ ತಪ್ಪಲ್ಲ, ಮೂರೂ ಬೇರೆ ಬೇರೆ ವಿಷಯ ಹೇಳುತ್ತಿವೆ ಅಂತ ನನ್ನ ಅನುಮಾನ.

ಆರ್ಡರ್ ಆ್ಯಪ್ ಪಕ್ಕಕ್ಕಿಡಿ. ಆರ್ಡರ್ ಅಂದರೆ ಅಂಗಡಿಯವರು ಕೇಳಿದ್ದು, ನೀವು ಕೊಟ್ಟದ್ದಲ್ಲ. ಸ್ಟಾಕ್ ಇಲ್ಲದೆ ಹೋದದ್ದು, ಅವರೇ ಬೇಡ ಅಂದದ್ದು ಎಲ್ಲಾ ಅದರಲ್ಲಿರುತ್ತದೆ.

ಉಳಿದದ್ದು ಬಿಲ್ಲಿಂಗ್ ಮತ್ತು ಟ್ಯಾಲಿ. ವ್ಯತ್ಯಾಸ 2,73,335. ಬಿಕಾಂ ಓದಿದ್ದೀರಿ, ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡಿರುತ್ತೀರಿ. ಪಾಸ್‌ಬುಕ್ ಬ್ಯಾಲೆನ್ಸ್ ಮೇಲೆ, ಕ್ಯಾಶ್‌ಬುಕ್ ಬ್ಯಾಲೆನ್ಸ್ ಕೆಳಗೆ, ಮಧ್ಯೆ ಯಾಕೆ ಬೇರೆ ಅನ್ನುವ ಸಾಲುಗಳು. ಅದನ್ನೇ ಇಲ್ಲಿ ಮಾಡಿ. ಡೇಟಾ ಇಂಟಿಗ್ರೇಷನ್ ಅಂತ ದೊಡ್ಡ ಹೆಸರಿಟ್ಟ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಎರಡು ಕೇಳಿ ನೋಡಿ: ಬಿಲ್ಲಿಂಗ್ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ? ವಾಪಸ್ ಬಂದ ಮಾಲು ಅದರಲ್ಲಿ ಕಳೆದಿದೆಯಾ?

ಬೆಣ್ಣೆದೋಸೆ:

@ಸೊನ್ನೆಒಂದು ಬ್ರದರ್ ಅಲ್ಲ, ಸಿಸ್ಟರ್ :)

@ಹಳೇ ಎಂಐಎಸ್ ಸರ್, ಎರಡೂ ನೀವು ಹೇಳಿದ ಹಾಗೇ ಇದೆ. ಬಿಲ್ಲಿಂಗ್‌ನಲ್ಲಿ ಜಿಎಸ್‌ಟಿ ಸೇರಿದೆ. ಟ್ಯಾಲಿಯ ಸೇಲ್ಸ್ ಲೆಡ್ಜರ್‌ನಲ್ಲಿ ಇಲ್ಲ, ಅದು ಬೇರೆ ಲೆಡ್ಜರ್‌ಗೆ ಹೋಗುತ್ತದೆ. ಜಿಎಸ್‌ಟಿ 1,94,120. ರಿಟರ್ನ್ ಮಾಲು, ಅಂದರೆ ಒಡೆದ ಪ್ಯಾಕೆಟ್, ಡೇಟ್ ಮುಗಿದ ಬನ್ನು, ಎಲ್ಲಾ ಸೇರಿ 61,475. ಎರಡನ್ನೂ ಕಳೆದ ಮೇಲೂ 17,740 ಉಳಿಯುತ್ತದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಮಾರ್ಚ್ ಲೆಕ್ಕ ಮುಗಿಸುವ ಹೊತ್ತು ಬೇರೆ, ಆಡಿಟರ್ ಫೋನ್ ಮೇಲೆ ಫೋನ್.

ಹಳೇ ಎಂಐಎಸ್:

ತಿಂಗಳ ಮೊತ್ತ ಹಿಡಿದುಕೊಂಡು ಹುಡುಕಿದರೆ ಸಿಗುವುದಿಲ್ಲ. ದಿನ ದಿನದ ಮೊತ್ತ ಪಕ್ಕಪಕ್ಕ ಇಡಿ. ಯಾವ ದಿನ ಕೈ ಕೊಡುತ್ತದೋ ಆ ದಿನದ ಬಿಲ್ಲು ಮಾತ್ರ ತೆಗೆಯಿರಿ.

ಬೆಣ್ಣೆದೋಸೆ:

ಇಟ್ಟೆ ಸರ್. ಈಗ ಇನ್ನೂ ತಲೆ ಕೆಟ್ಟಿತು. ಒಂದು ದಿನವೂ ಹೊಂದುತ್ತಿಲ್ಲ! ಒಂದು ದಿನ ಐದು ಸಾವಿರ ಜಾಸ್ತಿ, ಮರುದಿನ ಮೂರು ಸಾವಿರ ಕಮ್ಮಿ. ಶನಿವಾರದ್ದು ಬಹಳ ಕಮ್ಮಿ, ಭಾನುವಾರದ್ದು ಬಹಳ ಜಾಸ್ತಿ. ಆದರೂ ತಿಂಗಳಿಗೆ ಸೇರಿಸಿದರೆ ಬರೀ 17,740.

ಐದೂವರೆ:

ಸುಮ್ನೆ ಓದುತ್ತಿದ್ದೆ, ಇದನ್ನು ನೋಡಿ ಕೂರಲಾಗಲಿಲ್ಲ. ನಿಮ್ಮ ಹಾಲಿನ ಗಾಡಿ ಬೆಳಗ್ಗೆ ಎಷ್ಟು ಗಂಟೆಗೆ ಬಿಲ್ ಹಾಕುತ್ತವೆ?

ಬೆಣ್ಣೆದೋಸೆ:

ನಾಲ್ಕು, ನಾಲ್ಕೂಕಾಲಿಗೆ ಶುರು. ಆರೂವರೆಗೆಲ್ಲಾ ಮುಗಿಯುತ್ತದೆ.

ಐದೂವರೆ:

ಸಿಕ್ಕಿತು. ನಿಮ್ಮ ಕ್ಲೌಡ್ ಸರ್ವರ್ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿದೆ, ಭಾರತದ ಸಮಯದಲ್ಲಿಲ್ಲ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇವತ್ತು ಬೆಳಗ್ಗೆ 5ಕ್ಕೆ ಹಾಕಿದ ಬಿಲ್ಲು ಸರ್ವರ್ ಕಣ್ಣಲ್ಲಿ ನಿನ್ನೆ ರಾತ್ರಿ 11:30ರದ್ದು. ಹಾಗಾಗಿ ರಾತ್ರಿ 12ರಿಂದ ಬೆಳಗ್ಗೆ 5:30ರ ತನಕದ ಬಿಲ್ಲುಗಳೆಲ್ಲ ಹಿಂದಿನ ದಿನಕ್ಕೆ ಜಾರುತ್ತವೆ. ಬಟ್ಟೆ ಅಂಗಡಿಯವರಿಗೆ ಇದು ಗೊತ್ತೇ ಆಗುವುದಿಲ್ಲ, ಆ ಹೊತ್ತಿಗೆ ಅವರ ಶಟರ್ ಮುಚ್ಚಿರುತ್ತದೆ. ಹಾಲಿನವರಿಗೆ ಮಾತ್ರ ಅರ್ಧ ವ್ಯಾಪಾರ ಅಲ್ಲೇ.

ತಿಂಗಳ ಮೊತ್ತದಲ್ಲಿ ಏನಾಗುತ್ತದೆ ನೋಡಿ. ಏಪ್ರಿಲ್ 1ರ ಬೆಳಗಿನ ಹಾಲು ಮಾರ್ಚ್‌ಗೆ ಬಂದು ಸೇರಿದೆ. ಮಾರ್ಚ್ 1ರ ಬೆಳಗಿನದು ಫೆಬ್ರವರಿಗೆ ಹೋಗಿದೆ. ಮಧ್ಯದ ದಿನಗಳು ಒಂದಕ್ಕೊಂದು ವಜಾ ಆಗುತ್ತವೆ. ಈ ಎರಡು ಬೆಳಗಿನ ವ್ಯತ್ಯಾಸವೇ ನಿಮ್ಮ 17,740 ಅಂತ ಪಂಥ ಕಟ್ಟುತ್ತೇನೆ.

ಪರಿಹಾರ: ತಾರೀಖು ತೆಗೆಯುವ ಮೊದಲು ಸಮಯವನ್ನು ನಮ್ಮದಕ್ಕೆ ಬದಲಿಸಿಕೊಳ್ಳಿ, ಆಮೇಲೆ ತಾರೀಖು ತೆಗೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೇ ಕನ್ವರ್ಟ್ ಟಿಝಡ್ ಅನ್ನುವ ಫಂಕ್ಷನ್ ಇದೆ. ಅದಕ್ಕೆ "ಏಷ್ಯಾ ಕೋಲ್ಕತ್ತಾ" ಅಂತ ಹೆಸರು ಕೊಡಬೇಡಿ. ಸರ್ವರ್‌ನಲ್ಲಿ ಟೈಮ್‌ಝೋನ್ ಟೇಬಲ್ ತುಂಬಿಸಿಲ್ಲದಿದ್ದರೆ ಎರರ್ ಕೂಡ ಕೊಡದೆ ಖಾಲಿ ನಲ್ ಕೊಡುತ್ತದೆ. ಪ್ಲಸ್ 05:30 ಅಂತ ಅಂಕಿಯಲ್ಲೇ ಕೊಟ್ಟರೆ ಆ ತಂಟೆ ಇಲ್ಲ. ಇನ್ನೊಂದು: ಬಿಲ್ ಸಮಯದ ಕಾಲಂ ಡೇಟ್‌ಟೈಮ್ ಬಗೆಯದಾಗಿದ್ದರೆ ಮಾತ್ರ ಹೀಗೆ. ಟೈಮ್‌ಸ್ಟ್ಯಾಂಪ್ ಆಗಿದ್ದರೆ ಕನೆಕ್ಷನ್‌ನ ಟೈಮ್‌ಝೋನ್ ಏನಿದೆಯೋ ಅದಕ್ಕೆ ತಾನೇ ಬದಲಾಗಿ ಬರುತ್ತದೆ. ಅದು ನಮ್ಮ ಸಮಯಕ್ಕೇ ಇದ್ದು ನೀವೂ ಕೂಡಿಸಿದರೆ ಯುಟಿಸಿಗಿಂತ ಹನ್ನೊಂದು ಗಂಟೆ ಮುಂದಕ್ಕೆ ಹೋಗಿಬಿಡುತ್ತೀರಿ. ಕಾಲಂ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಬೆಣ್ಣೆದೋಸೆ:

ಸರ್!!! ಏಪ್ರಿಲ್ 1 ಬೆಳಗ್ಗೆ 58,310. ಮಾರ್ಚ್ 1 ಬೆಳಗ್ಗೆ 40,570. ಕಳೆದರೆ 17,740. ಒಂದು ರೂಪಾಯಿ ಆಚೀಚೆ ಇಲ್ಲ. ಆ ಹೊತ್ತಿಗೆ ಹೋಗುವುದು ಬರೀ ಹಾಲು, ಅದಕ್ಕೆ ಜಿಎಸ್‌ಟಿಯೂ ಇಲ್ಲ, ಹಾಗಾಗಿ ಅಲ್ಲೂ ಗೊಂದಲ ಇಲ್ಲ. ಮಾರ್ಚ್ 1 ಭಾನುವಾರ, ಕಾಲೇಜು ಕ್ಯಾಂಟೀನ್‌ಗಳು ರಜೆ, ಅದಕ್ಕೇ ಕಮ್ಮಿ.

ಟ್ಯಾಲಿಗೆ ನಮ್ಮ ಅಕೌಂಟೆಂಟ್ ಅಣ್ಣ ಬಿಲ್ಲಿನ ಮೇಲಿನ ತಾರೀಖು ನೋಡಿ ಕೈಯಲ್ಲೇ ಹಾಕುತ್ತಾರೆ. ಅದಕ್ಕೆ ಅಲ್ಲಿ ಸರಿ ಇತ್ತು. ಅವರಿಗೆ ಹೇಳಿದೆ. "ನಾನು ಮೊದಲೇ ಹೇಳಿರಲಿಲ್ವಾ ಕಂಪ್ಯೂಟರ್ ನಂಬಬೇಡ ಅಂತ" ಅಂದರು.

ಹಳೇ ಎಂಐಎಸ್:

ಅವರಿಗೊಂದು ಕಾಫಿ ಕೊಡಿಸಿ. ಈ ನಾಲ್ಕು ಸಾಲಿನ ಲೆಕ್ಕವನ್ನು ಒಂದು ಶೀಟ್‌ನಲ್ಲಿ ಹಾಗೇ ಇಟ್ಟುಕೊಳ್ಳಿ, ಪ್ರತಿ ತಿಂಗಳು ರಿಪೋರ್ಟ್‌ನ ಹಿಂದೆಯೇ ಅದೂ ಹೋಗಲಿ. ಉಳಿಕೆ ಸೊನ್ನೆ ಬರದ ತಿಂಗಳು ರಿಪೋರ್ಟ್ ಕೊಡಲೇಬೇಡಿ.

ಬೆಣ್ಣೆದೋಸೆ:

ಹುಮ್ಮಸ್ಸಿನಲ್ಲಿ ನಾನೇ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಬರೆಯಲು ಕೂತೆ. ಬಿಲ್ ಟೇಬಲ್, ಐಟಂ ಟೇಬಲ್, ಪೇಮೆಂಟ್ ಟೇಬಲ್ ಮೂರನ್ನೂ ಜಾಯಿನ್ ಮಾಡಿದೆ, ಅಂದರೆ ಬಿಲ್ ನಂಬರ್ ಹಿಡಿದು ಜೋಡಿಸಿದೆ. ಮಾರ್ಚ್ ಮಾರಾಟ ಒಂದೂವರೆ ಕೋಟಿ ಬಂತು. ಯಜಮಾನರಿಗೆ ತೋರಿಸಿದರೆ ಸಂತೋಷಪಡುತ್ತಾರೆ ಅಷ್ಟೆ.

ಕ್ವೆರಿಕೋಳಿ:

ಹಹ, ಎಲ್ಲರೂ ಬೀಳುವ ಗುಂಡಿ ಇದು. ಕಾಗದದ ಮೇಲೆ ಒಂದೇ ಬಿಲ್ ಬರೆದು ನೋಡಿ. ಬಿಲ್ ಮೊತ್ತ 1,000. ಅದರಲ್ಲಿ ಐಟಂ 3: ಹಾಲು, ಮೊಸರು, ಬನ್ನು. ದುಡ್ಡು ಬಂದದ್ದು 2 ಸಲ: 600 ನಗದು, 400 ಫೋನ್‌ಪೇ. ಮೂರು ಟೇಬಲ್ ಜಾಯಿನ್ ಮಾಡಿದಾಗ ಪ್ರತಿ ಐಟಂಗೂ ಪ್ರತಿ ಪೇಮೆಂಟೂ ಜೋಡಿಯಾಗುತ್ತದೆ. 3 ಗುಣಿಸು 2, ಆರು ಸಾಲು. ಆ ಆರೂ ಸಾಲಿನಲ್ಲಿ ಬಿಲ್ ಮೊತ್ತ 1,000 ಕೂತಿರುತ್ತದೆ. ಕೂಡಿಸಿದರೆ 6,000.

ಒಂದೇ ಥರದ್ದನ್ನು ಒಂದೇ ಸಲ ಎಣಿಸುವ ಡಿಸ್ಟಿಂಕ್ಟ್ ಹಾಕಿ ಸರಿಮಾಡಲು ಹೋಗಬೇಡಿ. ಒಂದೇ ಮೊತ್ತದ ಎರಡು ಬಿಲ್ ಇದ್ದರೆ ಒಂದು ಮಾಯವಾಗುತ್ತದೆ. ಐಟಂ ಟೇಬಲನ್ನು ಮೊದಲು ಬಿಲ್ ನಂಬರ್ ಪ್ರಕಾರ ಕೂಡಿಸಿ, ಬಿಲ್ಲಿಗೆ ಒಂದೇ ಸಾಲು ಬರುವ ಹಾಗೆ. ಪೇಮೆಂಟ್ ಕೂಡ ಹಾಗೇ. ಆಮೇಲೆ ಜಾಯಿನ್ ಮಾಡಿ. ಪ್ರತಿ ಜಾಯಿನ್ ಆದ ಮೇಲೆ ಸಾಲುಗಳ ಲೆಕ್ಕ ನೋಡಿ. ಮೊದಲಿದ್ದ ಬಿಲ್ ಎಷ್ಟೋ ಅಷ್ಟೇ ಸಾಲು ಇರಬೇಕು. ಜಾಸ್ತಿಯಾಯಿತೆಂದರೆ ಅಲ್ಲೇ ನಿಲ್ಲಿಸಿ.

ಇನ್ನೊಂದು ಗುಂಡಿಯೂ ತೋರಿಸಿಬಿಡುತ್ತೇನೆ. ಮಾರ್ಚ್ 1ರಿಂದ 31ರ ತನಕ ಅಂತ ಬಿಟ್ವೀನ್ ಹಾಕಿರುತ್ತೀರಿ. ಕಾಲಂನಲ್ಲಿ ಗಂಟೆ ನಿಮಿಷವೂ ಇದ್ದರೆ, 31 ಅಂದರೆ 31 ಶುರುವಾಗುವ ಸೊನ್ನೆ ಗಂಟೆ. 31ನೇ ತಾರೀಖಿನ ವ್ಯಾಪಾರ ಪೂರ್ತಿ ಹೊರಗೆ. ಮಾರ್ಚ್ 1 ಅಥವಾ ನಂತರ, ಏಪ್ರಿಲ್ 1ಕ್ಕಿಂತ ಮುಂಚೆ ಅಂತ ಬರೆಯಿರಿ. ಫೆಬ್ರವರಿಗೆ 28 ದಿನವಾ 29 ದಿನವಾ ಅನ್ನುವ ತಲೆಬಿಸಿಯೂ ಇರುವುದಿಲ್ಲ.

ಬೆಣ್ಣೆದೋಸೆ:

ಅಯ್ಯೋ, ಬಿಟ್ವೀನ್ ಹಾಕಿದ್ದೆ :( ಎರಡನ್ನೂ ಸರಿ ಮಾಡಿದೆ. ಈಗ ಬಿಲ್ಲಿಂಗ್ ಮೊತ್ತ ಬರುತ್ತಿದೆ.

ಮುಂದಿನ ತೊಂದರೆ ಅಂಗಡಿ ಹೆಸರು. ಯಾವ ಅಂಗಡಿ ಆರ್ಡರ್ ಎಷ್ಟು ಕೊಟ್ಟಿತು, ನಾವು ಎಷ್ಟು ಕಳಿಸಿದೆವು ಅಂತ ಕೇಳುತ್ತಿದ್ದಾರೆ. ಬಿಲ್ಲಿಂಗ್‌ನಲ್ಲಿ "ಮಂಜುನಾಥ ಸ್ಟೋರ್ಸ್", ಆ್ಯಪ್‌ನಲ್ಲಿ "ಶ್ರೀ ಮಂಜುನಾಥ ಸ್ಟೋರ್", ಟ್ಯಾಲಿಯಲ್ಲಿ "ಮಂಜಣ್ಣ ಪಿಬಿ ರೋಡ್". ಹೆಸರು ಹುಡುಕಿ ಜೋಡಿಸುವ ಎಕ್ಸೆಲ್‌ನ ವಿಲುಕಪ್ ಕೈ ಎತ್ತಿತು.

ಗದಗಿನ ಗಾಳಿ:

ಹೆಸರು ಹಿಡಿದು ಜೋಡಿಸಲಿಕ್ಕೆ ಹೋಗಬೇಡ್ರಿ ಅಕ್ಕಾರ. ಜಿಎಸ್‌ಟಿ ನಂಬರ್ ಇದ್ದವರಿಗೆ ಅದೇ ಕೀ, ಅಂದರೆ ಜೋಡಿಸುವ ಗುರುತು. 15 ಅಕ್ಷರ, ಮೊದಲಿನ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಪಾನ್ ನಂಬರ್. ಕೊನೆಯದು ಚೆಕ್ ಅಕ್ಷರ, ಟೈಪ್ ಮಾಡುವಾಗ ತಪ್ಪಿದರೆ ಅದರಿಂದ ಹಿಡಿಯಬಹುದು.

ಸಣ್ಣ ಅಂಗಡಿಗೆ ಜಿಎಸ್‌ಟಿ ಇರುವುದಿಲ್ಲ, ಅಲ್ಲಿ ಮೊಬೈಲ್ ನಂಬರ್‌ನ ಕೊನೆಯ 10 ಅಂಕಿ ತೆಗೆದು ಜೋಡಿಸಿ. ಕೆಲವರು ಮುಂದೆ 91 ಹಾಕಿರುತ್ತಾರೆ, ಕೆಲವರು ಸೊನ್ನೆ. ಆದರೆ ಇದನ್ನೂ ಪೂರ್ತಿ ನಂಬಬೇಡಿ. ನಮ್ಮಲ್ಲಿ ಒಬ್ಬರೇ ಮಾಲೀಕರು, ಮೂರು ಅಂಗಡಿ, ಮೂರಕ್ಕೂ ಅದೇ ನಂಬರ್.

ಕೊನೆಗೆ ಮಾಡಬೇಕಾದದ್ದು ಒಂದೇ. ನಿಮ್ಮದೇ ಒಂದು ಅಂಗಡಿ ಕೋಡ್ ಮಾಡಿ, ನಾಲ್ಕು ಕಾಲಂ ಪಟ್ಟಿ ಇಡಿ: ನಮ್ಮ ಕೋಡ್, ಬಿಲ್ಲಿಂಗ್ ಕೋಡ್, ಆ್ಯಪ್ ಕೋಡ್, ಟ್ಯಾಲಿ ಹೆಸರು. ಒಂದು ಸಲ ಸೇಲ್ಸ್ ಹುಡುಗರನ್ನು ಕೂರಿಸಿಕೊಂಡು ತುಂಬಿಸಿ. ಮಂಜಣ್ಣ ಅಂದರೆ ಯಾವ ಮಂಜಣ್ಣ ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ, ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ.

ಬರಹಬಳಗ:

ಹೆಸರುಗಳು ಕನ್ನಡದಲ್ಲೇ ಇವೆಯಾ? ಹಾಗಿದ್ದರೆ ಇನ್ನೂ ಮೂರು ಮಾತು. ನಾನು ಇದರಲ್ಲೇ ಕೂದಲು ಉದುರಿಸಿಕೊಂಡವನು.

"ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಕೆಳಗೆ ಕ ಒತ್ತು ಬರದಿರಲಿ ಅಂತ ಮಧ್ಯೆ ಒಂದು ಕಾಣದ ಅಕ್ಷರ ಬರುತ್ತದೆ. ಕೆಲವು ಕೀಬೋರ್ಡ್‌ನಲ್ಲಿ ಅದು ಹೆಸರಿನ ಕೊನೆಯಲ್ಲೂ ಉಳಿದುಬಿಡುತ್ತದೆ. ಆಗ ಎರಡು "ಸ್ಟೋರ್ಸ್" ಕಣ್ಣಿಗೆ ಒಂದೇ, ಡೇಟಾಬೇಸ್‌ಗೆ ಬೇರೆ. ಎರಡನೆಯದು, "ಕೊ" ಬರೆಯುವಾಗ ಒಕಾರ ಒಂದೇ ಸಂಕೇತವಾಗಿ ಕೂರಬಹುದು, ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಅಂತ ಎರಡಾಗಿಯೂ ಕೂರಬಹುದು. ನೋಡಲು ಹನಿಯಷ್ಟೂ ವ್ಯತ್ಯಾಸ ಇಲ್ಲ. ಲೋಡ್ ಮಾಡುವಾಗಲೇ ಕಾಣದ ಅಕ್ಷರಗಳನ್ನು ತೆಗೆದು, ಎನ್ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದುಕೊಳ್ಳಿ. ಪೈಥಾನ್‌ನಲ್ಲಿ ಅದು ಒಂದು ಸಾಲು. ಹೋಲಿಸುವ ಕಾಲಂಗೆ ಮಾತ್ರ ಮಾಡಿ, ಪ್ರಿಂಟ್ ಆಗುವ ಹೆಸರನ್ನು ಮುಟ್ಟಬೇಡಿ, ಒತ್ತಕ್ಷರ ಕೆಟ್ಟು ಅಂಗಡಿಯವರು ಜಗಳಕ್ಕೆ ಬರುತ್ತಾರೆ.

ಮೂರನೆಯದು, ಹಳೇ ಪಟ್ಟಿ ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿದ್ದರೆ ಅದು ಡೇಟಾಬೇಸ್ ದೃಷ್ಟಿಯಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಮೊದಲು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿ. ಮುಂದೆ ಎಂದಾದರೂ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗೆ ಹೋದರೆ, ಕನ್ನಡ ಪಠ್ಯದ ಕೋಟ್ ಮುಂದೆ ಎನ್ ಅಕ್ಷರ ಹಾಕದಿದ್ದರೆ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಕೂರುತ್ತವೆ. ಒಂದು ಸಲ ಹಾಗೆ ಸೇವ್ ಆದರೆ ವಾಪಸ್ ತರಲು ದಾರಿ ಇಲ್ಲ. ಬ್ಯಾಕಪ್‌ಗೇ ಹೋಗಬೇಕು.

ಪಾಸ್‌ಬುಕ್:

ನನ್ನದೊಂದು ಕಥೆ. ಮೊದಲು ಒಂದು ಸಹಕಾರಿ ಸಂಘದಲ್ಲಿದ್ದೆ. ಸದಸ್ಯರ 16 ಅಂಕಿಯ ಖಾತೆ ನಂಬರ್ ಪಟ್ಟಿಯನ್ನು ಸಿಎಸ್‌ವಿಯಿಂದ, ಅಂದರೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯದ ಫೈಲ್‌ನಿಂದ, ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದೆ. ಎಕ್ಸೆಲ್ ನೆನಪಿಟ್ಟುಕೊಳ್ಳುವುದು 15 ಅಂಕಿ ಮಾತ್ರ. ಎಲ್ಲಾ ಖಾತೆಯ ಕೊನೆಯ ಅಂಕಿ ಸೊನ್ನೆ. ಡಿವಿಡೆಂಡ್ ಪಟ್ಟಿ ಬ್ಯಾಂಕಿಗೆ ಹೋಗಿ ವಾಪಸ್ ಬಂತು. ವಾಪಸ್ ಬಂದದ್ದು ಪುಣ್ಯ, ಬೇರೆಯವರ ಖಾತೆಗೆ ಹೋಗಿದ್ದರೆ?

ಅವತ್ತಿಂದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡುವುದಿಲ್ಲ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಿಂದ ಪವರ್ ಕ್ವೆರಿಯಲ್ಲಿ ತರುತ್ತೇನೆ, ಖಾತೆ ನಂಬರ್, ಮೊಬೈಲ್, ಐಟಂ ಕೋಡ್ ಎಲ್ಲವನ್ನೂ ಮೊದಲೇ ಟೆಕ್ಸ್ಟ್ ಅಂತ ಹೇಳುತ್ತೇನೆ. 2016ರ ಎಕ್ಸೆಲ್‌ನಿಂದ ಈಚೆಗೆ ಅದು ಒಳಗೇ ಬರುತ್ತದೆ. ಐಎಫ್‌ಎಸ್‌ಸಿ ಕೋಡ್ ಇದ್ದರೆ ಐದನೆಯದು ಯಾವಾಗಲೂ ಸೊನ್ನೆ, ಜನ ಅಲ್ಲಿ ಓ ಅಕ್ಷರ ಹೊಡೆದಿರುತ್ತಾರೆ.

ಸಣ್ಣ ಕಚೇರಿಯಲ್ಲಿ ಮಾತ್ರ ಆಗುವ ಎಡವಟ್ಟು ಅಂದುಕೊಳ್ಳಬೇಡಿ. 2020ರಲ್ಲಿ ಇಂಗ್ಲೆಂಡ್‌ನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರದೆ ಹೋದವು. ಹಳೇ ಮಾದರಿಯ ಎಕ್ಸೆಲ್ ಫೈಲ್‌ನಲ್ಲಿ 65,536 ಸಾಲು ಮುಗಿದ ಮೇಲೆ ಉಳಿದದ್ದು ಸುಮ್ಮನೆ ಉದುರಿಹೋಗಿತ್ತು. ಈಗಿನ ಫೈಲ್‌ನಲ್ಲಿ 10,48,576 ಸಾಲು ಹಿಡಿಯುತ್ತದೆ, ಆದರೂ ಮಿತಿ ಮಿತಿಯೇ.

ಸೊನ್ನೆಒಂದು:

ಸಿಸ್ಟರ್, ನನ್ನ ಎರಡು ದಿನದ ಮಾತು ವಾಪಸ್ ತಗೊಂಡೆ. ಆದರೂ ಪವರ್ ಬಿಐ ಬಿಡಬೇಡಿ. ಲೆಕ್ಕ ಸರಿಯಾದ ಮೇಲೆ ಅದು ಉಪಯೋಗಕ್ಕೆ ಬಂದೇ ಬರುತ್ತದೆ.

ಹಳೇ ಎಂಐಎಸ್:

ಬರುತ್ತದೆ. ಆದರೆ ಡೆಸ್ಕ್‌ಟಾಪ್ ಫ್ರೀ ಅಂತ ಹೇಳಿದವರು ಇನ್ನೊಬ್ಬರೊಂದಿಗೆ ಆನ್‌ಲೈನ್‌ನಲ್ಲಿ ಹಂಚಿಕೊಳ್ಳಲು ಲೈಸೆನ್ಸ್ ಬೇಕು ಅಂತಲೂ ಹೇಳಬೇಕಿತ್ತು. ನಾನು ಒಂದು ತಿಂಗಳು ಕೂತು ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೆ. ನಮ್ಮ ಸಾಹುಕಾರರು ನೋಡಿ "ಚೆನ್ನಾಗಿದೆ, ಒಂದು ಪ್ರಿಂಟ್ ಕೊಡಿ" ಅಂದರು. ಈಗಲೂ ಅವರಿಗೆ ಹೋಗುವುದು ಒಂದು ಪುಟದ ಪಿಡಿಎಫ್, ವಾಟ್ಸಾಪ್‌ನಲ್ಲಿ, ಬೆಳಗ್ಗೆ 9ಕ್ಕೆ. ಅಕ್ಷರ ದೊಡ್ಡದಿರಬೇಕು, ಅಷ್ಟೇ ಬೇಡಿಕೆ.

ಬಿಟಿಎಂ ಬಾಡಿಗೆಮನೆ:

ಕೋರ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಅಂಥದ್ದೇ ಒಂದಕ್ಕೆ ದುಡ್ಡು ಕಟ್ಟಿದವನು ನಾನು. ಪಾಠ ಕೆಟ್ಟದಾಗಿರಲಿಲ್ಲ. ಆದರೆ ಅಭ್ಯಾಸಕ್ಕೆ ಕೊಟ್ಟ ಡೇಟಾ ತೊಳೆದು ಇಸ್ತ್ರಿ ಮಾಡಿದ್ದು. ಒಂದು ಹೆಸರು ತಪ್ಪಿಲ್ಲ, ಒಂದು ತಾರೀಖು ಕೆಟ್ಟಿಲ್ಲ. ಚಾರ್ಟ್ ಹಾಕುವುದೊಂದೇ ಕೆಲಸ. ಜಾಬ್ ಗ್ಯಾರಂಟಿ ಅಂದರೆ ನಮ್ಮ ರೆಸ್ಯೂಮೆಯನ್ನು ಹತ್ತು ಕಡೆ ಫಾರ್ವರ್ಡ್ ಮಾಡುವುದು.

ಇಂಟರ್‌ವ್ಯೂನಲ್ಲಿ ಕೇಳಿದ್ದೇ ಬೇರೆ. "ಈ ತಿಂಗಳು ಒಂದೂ ಬಿಲ್ ಆಗದ ಗ್ರಾಹಕರನ್ನು ತೆಗೆಯಿರಿ." ಪಟ್ಟಿಯಲ್ಲಿ ಇಲ್ಲದವರನ್ನು ಕೇಳುವ ನಾಟ್ ಇನ್ ಬರೆದೆ. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇತ್ತು, ಉತ್ತರ ಪೂರ್ತಿ ಖಾಲಿ ಬಂತು. ಆಮೇಲೆ ಬಿಲ್ ಇಲ್ಲದ ಗ್ರಾಹಕರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಹಾಕಿ, ತಿಂಗಳ ಷರತ್ತನ್ನು ಕೊನೆಗೆ ಸೋಸುವ ವೇರ್‌ನಲ್ಲಿ ಇಟ್ಟೆ. ಬೇಕಾಗಿದ್ದ ಗ್ರಾಹಕರೇ ಉದುರಿಹೋದರು. ಷರತ್ತು ಜಾಯಿನ್‌ನ ಆನ್‌ನಲ್ಲೇ ಇರಬೇಕಿತ್ತು. ಕೆಲಸ ಸಿಗಲಿಲ್ಲ, ಅದು ಮಾತ್ರ ಸಾಯುವ ತನಕ ಮರೆಯುವುದಿಲ್ಲ.

ನಿಮ್ಮ ಹತ್ತಿರ ಕೊಳೆ ಇರುವ ನಿಜವಾದ ಡೇಟಾ ಇದೆ. ಅದು ನನಗಿರಲಿಲ್ಲ. ಕಂಪ್ಯೂಟರ್‌ನಲ್ಲಿ ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯೂಎಲೈಟ್ ಡೇಟಾಬೇಸ್ ಹಾಕಿಕೊಳ್ಳಿ, ಎರಡೂ ಫ್ರೀ. ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಡೇಟಾಬೇಸ್ ಪಾಠ ಉಚಿತವಾಗಿ ನೋಡಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಫೀಸು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯಲ್ಲೂ ಪಾಠಗಳಿವೆ. ಸರ್ಟಿಫಿಕೇಟ್ ಬೇಕೇ ಬೇಕು ಅಂದರೆ ಪವರ್ ಬಿಐಗೆ ಪಿಎಲ್-300 ಪರೀಕ್ಷೆ ಇದೆ, ಅದರ ಓದುವ ಸಾಮಗ್ರಿಯನ್ನು ಮೈಕ್ರೋಸಾಫ್ಟ್‌ನವರೇ ಬಿಟ್ಟಿ ಕೊಡುತ್ತಾರೆ. 65,000 ಕೊಡಲೇಬೇಕು ಅನ್ನಿಸಿದರೆ ಒಳ್ಳೆಯ ಲ್ಯಾಪ್‌ಟಾಪ್ ತಗೊಳ್ಳಿ.

ಮನೆಗೆ ಡೇಟಾ ಒಯ್ಯುವ ಮುಂಚೆ ಯಜಮಾನರನ್ನು ಕೇಳಿ, ಗ್ರಾಹಕರ ಹೆಸರು, ಮೊಬೈಲ್ ನಂಬರ್ ಅಳಿಸಿ ಒಯ್ಯಿರಿ.

ಗದಗಿನ ಗಾಳಿ:

ಒಂದು ವಿಷಯಕ್ಕೆ ನನ್ನ ತಕರಾರಿದೆ. ಕ್ಲಾಸ್‌ಗೆ ಹೋದರೆ ದಿನಕ್ಕೆ ಎರಡು ತಾಸು ಕೂರಲೇಬೇಕು ಅನ್ನುವ ಶಿಸ್ತು ಬರುತ್ತದೆ. ಮನೆಯಲ್ಲಿ ಕಲಿಯುತ್ತೇನೆ ಅಂದವರಲ್ಲಿ ಎಷ್ಟು ಜನ ಮೂರನೇ ವಿಡಿಯೋ ದಾಟಿದ್ದಾರೆ? ನಾನೂ ದಾಟಿರಲಿಲ್ಲ. ಊರಲ್ಲೇ ಸಂಜೆ ಕ್ಲಾಸ್ ಕಮ್ಮಿ ಫೀಸಿಗೆ ಸಿಕ್ಕರೆ ಹೋಗಲಿ, ತಪ್ಪೇನಿಲ್ಲ.

ಐದೂವರೆ:

ಎಚ್ಚರಿಕೆ ಒಂದೇ. ಈಗ ಯಾವ ಲಾಗಿನ್‌ನಲ್ಲಿ ಕ್ವೆರಿ ಓಡಿಸುತ್ತಿದ್ದೀರಿ?

ಬೆಣ್ಣೆದೋಸೆ:

ಸಾಫ್ಟ್‌ವೇರ್‌ನವರು ಅಡ್ಮಿನ್ ಪಾಸ್‌ವರ್ಡೇ ಕೊಟ್ಟಿದ್ದಾರೆ. ಯಾಕೆ?

ಐದೂವರೆ:

ಇವತ್ತೇ ಫೋನ್ ಮಾಡಿ ಬರೀ ಓದಲು ಬರುವ ಯೂಸರ್ ಕೇಳಿ. ವೇರ್ ಮರೆತ ಒಂದು ಡಿಲೀಟ್ ಸಾಕು, ಟೇಬಲ್ ಪೂರ್ತಿ ಖಾಲಿ. ಬೆಳಗ್ಗೆ ಗಾಡಿ ಬಿಲ್ ಹಾಕುವ ಹೊತ್ತಲ್ಲಿ ಭಾರೀ ರಿಪೋರ್ಟ್ ಓಡಿಸಲೂಬೇಡಿ. ನಾನು ಒಮ್ಮೆ ಹನ್ನೊಂದು ಗಂಟೆಗೆ ಒಂದು ವರ್ಷದ ರಿಪೋರ್ಟ್ ಕೊಟ್ಟೆ, ಕೌಂಟರ್‌ನಲ್ಲಿ ಬಿಲ್ಲಿಂಗ್ ನಿಂತಿತು. ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದ ಶಬ್ದ ಈಗಲೂ ಕಿವಿಯಲ್ಲಿದೆ. ಮಧ್ಯಾಹ್ನ ಒಂದು ಪ್ರತಿ ಬೇರೆ ಕಡೆ ಇಳಿಸಿಕೊಂಡು ಅಲ್ಲಿ ಎಷ್ಟು ಬೇಕಾದರೂ ಆಡಿ. ನಿಮ್ಮ ಕಡೆ ರಾತ್ರಿ ಬೇಡ, ನಾಲ್ಕಕ್ಕೇ ಎದ್ದುಬಿಡುತ್ತೀರಿ.

ಬೆಣ್ಣೆದೋಸೆ:

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಓದುವ ಯೂಸರ್ ಸಿಕ್ಕಿದೆ. ಅಂಗಡಿ ಪಟ್ಟಿಗೆ ಸೇಲ್ಸ್ ಹುಡುಗರನ್ನು ಎರಡು ಸಂಜೆ ಮಿರ್ಚಿ ಮಂಡಕ್ಕಿ ಕೊಟ್ಟು ಕೂರಿಸಿದೆ. 412 ಸಾಲಿದ್ದದ್ದು 287 ಅಂಗಡಿ ಆಯಿತು. ಮೂವರು ಮಂಜಣ್ಣಂದಿರು ಇದ್ದರು. ಕೋರ್ಸ್ ಸೇರಲಿಲ್ಲ. ಇಲ್ಲೇ ಸಂಜೆ ಕ್ಲಾಸ್ ವಿಚಾರಿಸುತ್ತಿದ್ದೇನೆ.

ರಿಪೋರ್ಟ್ ಒಂದು ಪುಟದಲ್ಲಿ ಕೊಟ್ಟೆ, ಹಿಂದೆ ವ್ಯತ್ಯಾಸದ ಶೀಟ್. ಯಜಮಾನರು ಮೊದಲು ಹಿಂದಿನ ಶೀಟನ್ನೇ ಓದಿದರು. ಕೊನೆಯ ಸೊನ್ನೆಯ ಮೇಲೆ ಬೆರಳಿಟ್ಟು ಸುಮ್ಮನಿದ್ದರು. ಆಮೇಲೆ "ಹಾಗಾದರೆ ಖಾಲಿ ಕ್ರೇಟ್ ಎಲ್ಲೆಲ್ಲಿ ಎಷ್ಟು ಬಾಕಿ ಇದೆ ಅಂತಲೂ ತೆಗೆದುಬಿಡಮ್ಮ" ಅಂದರು. ಕ್ರೇಟ್ ಲೆಕ್ಕ ಇರುವುದು ಆರು ಡ್ರೈವರ್‌ಗಳ ಪಾಕೆಟ್ ಡೈರಿಯಲ್ಲಿ.

ಹಳೇ ಎಂಐಎಸ್:

ಒಂದು ಡೈರಿಯ ಎರಡು ಪುಟ ಫೋಟೋ ತೆಗೆದು ಹಾಕಿ. ಅಂಗಡಿ ಹೆಸರು ಮುಚ್ಚಿ. ಹೊಸ ಎಳೆ ಶುರು ಮಾಡೋಣ.